ಇಲ್ಲದ ಗ್ರಹಕ್ಕೆ ಬರೆದ 160 ಅಕ್ಷರ

2009ರ ಆಗಸ್ಟ್‌ನಲ್ಲಿ ನಾನೊಂದು ಗ್ರಹಕ್ಕೆ ಮೆಸೇಜ್ ಕಳಿಸಿದ್ದೆ. ಗ್ಲೀಸೆ 581 ಡಿ ಅಂತ ಅದರ ಹೆಸರು, ಇಲ್ಲಿಂದ 20 ಜ್ಯೋತಿರ್ವರ್ಷಕ್ಕೆ ಸ್ವಲ್ಪ ಮೇಲೆ, ಅಂದ್ರೆ ಬೆಳಕಿಗೇ ಅಲ್ಲಿ ಸೇರೋಕೆ 20 ವರ್ಷದ ಮೇಲೆ ಬೇಕು. ಆಸ್ಟ್ರೇಲಿಯಾದಲ್ಲಿ ವಿಜ್ಞಾನ ಸಪ್ತಾಹದ ಹೊತ್ತಲ್ಲಿ ‘ಹಲೋ ಫ್ರಂ ಅರ್ಥ್’ ಅಂತ ಒಂದು ಕಾರ್ಯಕ್ರಮ ಮಾಡಿದ್ರು. ಯಾವ ದೇಶದವರಾದ್ರೂ ಸರಿ 160 ಅಕ್ಷರದೊಳಗೆ ಏನಾದ್ರೂ ಬರೆದು ಕೊಡಬಹುದಿತ್ತು, ಅದನ್ನೆಲ್ಲ ಒಟ್ಟು ಮಾಡಿ ಕ್ಯಾನ್‌ಬೆರಾ ಹತ್ರ ಟಿಡ್ಬಿನ್‌ಬಿಲ್ಲಾದಲ್ಲಿರೋ 70 ಮೀಟರ್ ಅಗಲದ ಆಂಟೆನಾದಿಂದ ರೇಡಿಯೋ ಅಲೆ ಮಾಡಿ ಆ ದಿಕ್ಕಿಗೆ ಬಿಟ್ರು. 25 ಸಾವಿರಕ್ಕೂ ಹೆಚ್ಚು ಮೆಸೇಜ್ ಹೋದವು, ಅದರಲ್ಲಿ ನಂದೂ ಒಂದು.

ಬರೆದ ರಾತ್ರಿ ಚೆನ್ನಾಗಿ ನೆನಪಿದೆ. ಮೊದಲು ಮನುಷ್ಯರ ಬಗ್ಗೆ, ಭೂಮಿ ಬಗ್ಗೆ, ಶಾಂತಿ ಬಗ್ಗೆ ಏನೇನೋ ದೊಡ್ಡದಾಗಿ ಬರೆದೆ, ಎಣಿಸಿ ನೋಡಿದ್ರೆ 160 ಯಾವಾಗಲೋ ದಾಟಿಹೋಗಿತ್ತು. ಒಂದೊಂದೇ ಪದ ತೆಗೀತಾ ಹೋದೆ, ತೆಗೆದಷ್ಟೂ ಉಳಿದಿದ್ದು ಸುಳ್ಳು ಅನ್ಸೋಕೆ ಶುರುವಾಯ್ತು. ನಾನು ಯಾರು ಮನುಷ್ಯಕುಲದ ಪರವಾಗಿ ಮಾತಾಡೋಕೆ ಅಂತ. ಎಲ್ಲ ಅಳಿಸಿ ಆ ಗಳಿಗೆಯಲ್ಲಿ ನನಗೆ ನಿಜವಾಗಿ ಗೊತ್ತಿದ್ದಿದ್ದನ್ನ ಮಾತ್ರ ಬರೆದೆ. ಅದರ ಅರ್ಥ ಇಷ್ಟೇ: ಇಲ್ಲಿ ಈಗ ರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದಾರೆ, ನಾನೊಬ್ಬಳೇ ಎದ್ದಿದೀನಿ, ನಿಮ್ಮಲ್ಲೂ ರಾತ್ರಿ ಆಗತ್ತಾ? ಕಳಿಸಿ ಆದ್ಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ನನ್ನ ಮಾತು ಹೋಗ್ತಾ ಇದೆ ಅನ್ನೋದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಐದು ವರ್ಷ ಆದ್ಮೇಲೆ, 2014ರ ಜುಲೈನಲ್ಲಿ, ಒಂದು ಸಂಶೋಧನಾ ಪೇಪರ್ ಬಂತು. ಗ್ಲೀಸೆ 581 ಡಿ ಅನ್ನೋ ಗ್ರಹ ಇಲ್ಲ, ಯಾವತ್ತೂ ಇರಲಿಲ್ಲ, ನಾವು ಗ್ರಹ ಅಂದುಕೊಂಡಿದ್ದು ಆ ನಕ್ಷತ್ರದ ಮೈಮೇಲಿನ ಕಲೆಗಳು ಮಾಡಿದ ಕೆಲಸ ಅಂತ. ಅಷ್ಟೊತ್ತಿಗೆ ನನ್ನ ಮೆಸೇಜ್ ಐದು ಜ್ಯೋತಿರ್ವರ್ಷದ ಹತ್ರ ಹೋಗಿತ್ತು, ಕಾಲು ದಾರಿ. ವಾಪಸ್ ಕರೆಯೋಕೆ ಆಗಲ್ಲ. ಅವತ್ತು ನನಗಾದದ್ದು ನಿರಾಸೆ ಅಂತ ಹೇಳಿದ್ರೆ ಸಾಕಾಗಲ್ಲ, ಅದೊಂದು ಥರ ಸೂತಕ. ಯಾರೂ ಸತ್ತಿಲ್ಲ, ಆದ್ರೆ ಐದು ವರ್ಷ ಮನಸ್ಸಲ್ಲಿ ಒಂದು ಜಾಗ ಕೊಟ್ಟು ಇಟ್ಟುಕೊಂಡಿದ್ದವರ ಜಾಗ ಖಾಲಿ. ಇಷ್ಟು ವರ್ಷ ಆದ್ರೂ ಇದು ನನ್ನನ್ನ ಬಿಟ್ಟಿಲ್ಲ, ಹೊಸದೊಂದು ಸೂಪರ್ ಅರ್ಥ್ (ಭೂಮಿಗಿಂತ ಒಂಚೂರು ದೊಡ್ಡ ಗ್ರಹ) ಸಿಕ್ತು ಅಂತ ಸುದ್ದಿ ಬಂದಾಗೆಲ್ಲ ಮೊದಲು ಬರೋ ಯೋಚನೆ ಇದೇ. ಅದಕ್ಕೆ ಇವತ್ತು ಕೂತು ಬರೀತಿದೀನಿ.

ಚಿಕ್ಕ ನಕ್ಷತ್ರದ ಹತ್ರಾನೇ ಯಾಕೆ ಹುಡುಕ್ತೀವಿ

ನಮ್ಮ ಗ್ಯಾಲಕ್ಸಿಯ ನಕ್ಷತ್ರಗಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕೆಂಪು ಕುಬ್ಜಗಳು. ಸಣ್ಣವು, ತಣ್ಣಗಿರೋವು, ಮಂಕಾದವು. ಅವುಗಳಲ್ಲಿ ಒಂದೇ ಒಂದೂ ಬರಿಗಣ್ಣಿಗೆ ಕಾಣಲ್ಲ. ಈ ಮಾತನ್ನ ಎಷ್ಟು ಸಲ ಓದಿದ್ರೂ ನನಗೆ ಹಳೇದಾಗಲ್ಲ. ಸೂರ್ಯನ್ನ ಬಿಟ್ರೆ ನಮಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ, ಅದು ಅಲ್ಲಿದೆ ಅಂತ ಗೊತ್ತಾಗಿದ್ದೇ 1915ರಲ್ಲಿ. ಸಾವಿರಾರು ವರ್ಷ ತಲೆ ಎತ್ತಿ ನೋಡಿ ಕಥೆ ಕಟ್ಟಿ ಪಂಚಾಂಗ ಬರೆದು ದಿಕ್ಕು ಹುಡುಕಿದ ಮನುಷ್ಯರೆಲ್ಲ ನೋಡಿದ್ದು ಆಕಾಶದ ಅಲ್ಪಸಂಖ್ಯಾತರನ್ನ.

ಗ್ರಹ ಹುಡುಕೋರಿಗೆ ಈ ಮಂಕು ನಕ್ಷತ್ರಗಳೇ ಇಷ್ಟ, ಅದಕ್ಕೆ ಲೆಕ್ಕದ ಕಾರಣ ಇದೆ. ಸೂರ್ಯನ ಮುಂದೆ ಭೂಮಿ ಹಾದು ಹೋಗೋದನ್ನ ದೂರದಿಂದ ಯಾರಾದ್ರೂ ನೋಡಿದ್ರೆ ಬೆಳಕು ಲಕ್ಷದಲ್ಲಿ 8 ಪಾಲು ಕಮ್ಮಿಯಾಗತ್ತೆ, ಅದೂ ವರ್ಷಕ್ಕೊಂದೇ ಸಲ. ಅದೇ ಎಲ್‌ಎಚ್‌ಎಸ್ 1140 ಅನ್ನೋ ಕೆಂಪು ಕುಬ್ಜ ತಗೊಳ್ಳಿ, 49 ಜ್ಯೋತಿರ್ವರ್ಷ ದೂರ, ಅಗಲ ಸೂರ್ಯನ ಐದನೇ ಒಂದು ಪಾಲು ಅಷ್ಟೇ. ಅದರ ಮುಂದೆ ಅದರ ಬಿ ಗ್ರಹ (ನಕ್ಷತ್ರದ ಹೆಸರಿಗೆ ಬಿ, ಸಿ, ಡಿ ಅಂತ ಅಕ್ಷರ ಸೇರಿಸಿ ಗ್ರಹಕ್ಕೆ ಹೆಸರಿಡ್ತಾರೆ) ಹಾದಾಗ ಸಾವಿರದಲ್ಲಿ 5 ಪಾಲು ಬೆಳಕು ಕಮ್ಮಿಯಾಗತ್ತೆ, ಮತ್ತೆ 25 ದಿನಕ್ಕೆ ಇನ್ನೊಂದು ಸಲ, ಮತ್ತೆ 25 ದಿನಕ್ಕೆ ಇನ್ನೊಂದು ಸಲ. ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡೋದನ್ನ ಅಳೀತೀವಿ ಅಂದ್ರೂ ಅಷ್ಟೇ, ತೂಕ ಕಮ್ಮಿ ಇರೋ ನಕ್ಷತ್ರ ಜಾಸ್ತಿ ಓಲಾಡತ್ತೆ. ನೀರು ನೀರಾಗೇ ಉಳಿಯೋಷ್ಟು ಹಿತವಾದ ಬಿಸಿ ಇರೋ ಜಾಗ ಕೂಡ ನಕ್ಷತ್ರಕ್ಕೆ ಹತ್ತಿರದಲ್ಲೇ ಇರತ್ತೆ, ಹಾಗಾಗಿ ವರ್ಷಗಟ್ಟಲೆ ಕಾಯೋದು ಬೇಡ. ಭೂಮಿಗಿಂತ ದೊಡ್ಡ, ನೆಪ್ಚೂನ್‌ಗಿಂತ ಚಿಕ್ಕ ಈ ಸೂಪರ್ ಅರ್ಥ್‌ಗಳು ನಮ್ಮ ಸೌರಮಂಡಲದಲ್ಲಿ ಒಂದೂ ಇಲ್ಲ, ಹೊರಗೆ ನೋಡಿದ್ರೆ ಎಲ್ಲೆಲ್ಲೂ ಇವೆ. ನಮ್ಮ ಮನೆಯಲ್ಲಿ ಇಲ್ಲದ ಒಂದು ಮಗು ಊರಿನ ಎಲ್ಲ ಮನೆಯಲ್ಲೂ ಇದೆ ಅಂದ್ರೆ ಅದರ ಬಗ್ಗೆ ತಿಳ್ಕೊಳ್ಳೋ ಆಸೆ ಇರತ್ತಲ್ಲ, ಅಂಥ ಆಸೆ ಇದು.

ಆದ್ರೆ ಈ ಅನುಕೂಲದ ಒಳಗೇ ಒಂದು ತೊಡಕು ಕೂತಿತ್ತು. ಅದು ನಮಗೆ ಕಂಡಿದ್ದು ತಡವಾಗಿ.

581ನೇ ನಕ್ಷತ್ರ

ವಿಲ್ಹೆಲ್ಮ್ ಗ್ಲೀಸೆ ಅಂತ ಒಬ್ಬ ಜರ್ಮನ್ ಖಗೋಳಜ್ಞ 1957ರಲ್ಲಿ ನಮ್ಮ ಹತ್ತಿರದ ನಕ್ಷತ್ರಗಳ ಪಟ್ಟಿ ಮಾಡಿದ, ಅದರಲ್ಲಿ 581ನೇದು ಇದು. ತುಲಾ ರಾಶಿಯಲ್ಲಿದೆ, ಇದೂ ಕೆಂಪು ಕುಬ್ಜವೇ, ಬೆಳಕು ಸೂರ್ಯನ ನೂರರಲ್ಲಿ ಒಂದು ಪಾಲಿನಷ್ಟು. ಚಿಲಿ ದೇಶದ ಲಾ ಸಿಯಾದಲ್ಲಿರೋ, ನಕ್ಷತ್ರದ ಓಲಾಟ ಅಳೆಯೋ ಹಾರ್ಪ್ಸ್ ಉಪಕರಣದಿಂದ ಅದನ್ನ ವರ್ಷಗಟ್ಟಲೆ ನೋಡಿದ್ರು. 2005ರಲ್ಲಿ ನೆಪ್ಚೂನ್ ತೂಕದ ಬಿ ಸಿಕ್ತು. 2007ರಲ್ಲಿ ಸ್ಟೆಫಾನ್ ಉದ್ರಿಯ ಸ್ವಿಸ್ ತಂಡ ಸಿ ಗ್ರಹವನ್ನ ಹೇಳಿತು, ಕಮ್ಮಿ ಅಂದ್ರೂ ಭೂಮಿಯ ಐದು ಪಟ್ಟು ತೂಕ, 13 ದಿನದ ವರ್ಷ. ಆಗ ಪತ್ರಿಕೆಗಳಲ್ಲೆಲ್ಲ ಎರಡನೇ ಭೂಮಿ ಅಂತ ಬಂತು, ನಾನೂ ಕತ್ತರಿಸಿ ಇಟ್ಟುಕೊಂಡಿದ್ದೆ. ಕೆಲವೇ ತಿಂಗಳಲ್ಲಿ ಲೆಕ್ಕ ಹಾಕಿದವರು ಅದು ತುಂಬಾ ಬಿಸಿ ಅಂದ್ರು. ಆಸೆ ಒಂದು ಹೆಜ್ಜೆ ಆಚೆಗೆ ಸರಿದು ಡಿ ಮೇಲೆ ಕೂತಿತು. 2009ರಲ್ಲಿ ಡಿ ಗ್ರಹದ ಸುತ್ತು 66 ದಿನಕ್ಕೆ ಸ್ವಲ್ಪ ಮೇಲೆ ಅಂತ ತಿದ್ದಿದ ಮೇಲಂತೂ ಅದು ಸರಿಯಾಗಿ ಹಿತವಾದ ಜಾಗದ ಅಂಚಿಗೇ ಬಂತು. ನಾನು ಬರೆದದ್ದು ಅದಾಗಿ ಕೆಲವೇ ತಿಂಗಳಿಗೆ. 2010ರಲ್ಲಿ ಸ್ಟೀವನ್ ವೋಟ್ ತಂಡ ಜಿ ಅಂತ ಇನ್ನೊಂದನ್ನ ಹೇಳಿತು, ಭೂಮಿಯ ಮೂರು ಪಟ್ಟು ತೂಕ, 37 ದಿನದ ಹತ್ರ ಒಂದು ಸುತ್ತು, ಹಿತವಾದ ಜಾಗದ ಮಧ್ಯದಲ್ಲೇ. ಎರಡೇ ವಾರದಲ್ಲಿ ಸ್ವಿಸ್ ತಂಡದವರು ನಮ್ಮ ಡೇಟಾದಲ್ಲಿ ಅದು ಕಾಣ್ತಿಲ್ಲ ಅಂದ್ರು. ಜಿ ಬಗ್ಗೆ ಜಗಳ ಶುರುವಾದಾಗಲೂ ನನಗೆ ನನ್ನ ಡಿ ಬಗ್ಗೆ ಚಿಂತೆ ಇರಲಿಲ್ಲ. ಅದು ಗಟ್ಟಿ ಅಂತಲೇ ಎಲ್ಲರೂ ಹೇಳ್ತಿದ್ರು.

ಡಿ ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡೋ ವೇಗ ಎಷ್ಟು ಅಂದ್ರೆ ಸೆಕೆಂಡಿಗೆ ಎರಡು-ಎರಡೂವರೆ ಮೀಟರ್. ಬಸ್ಸಿಗೆ ಹೊತ್ತಾಯ್ತು ಅಂತ ಬಿರಬಿರನೆ ನಡೆಯೋ ಮನುಷ್ಯನ ವೇಗ. ಇಪ್ಪತ್ತು ಜ್ಯೋತಿರ್ವರ್ಷ ದೂರದ ಉರಿಯೋ ಗೋಳವೊಂದು ನಮ್ಮ ಕಡೆ ಆ ವೇಗದಲ್ಲಿ ಬಂದು ಆ ವೇಗದಲ್ಲಿ ಹಿಂದೆ ಸರೀತಿದೆ ಅಂತ ಅದರ ಬೆಳಕನ್ನ ಬಣ್ಣಗಳಾಗಿ ಬಿಡಿಸಿದಾಗ ಕಾಣೋ ಗೆರೆಗಳು ಕೂದಲೆಳೆಗಿಂತ ಕಮ್ಮಿ ಜರುಗೋದನ್ನ ನೋಡಿ ಹೇಳ್ತಾರೆ. ಇದು ಸಾಧ್ಯ ಅನ್ನೋದೇ ನನ್ನ ಮಟ್ಟಿಗೆ ದೊಡ್ಡ ವಿಷಯ, ತಪ್ಪಾಯ್ತು ಅನ್ನೋದು ಆಮೇಲಿನ ಮಾತು.

ಈಗ ತೊಡಕಿಗೆ ಬರ್ತೀನಿ. ನಕ್ಷತ್ರ ತನ್ನ ಸುತ್ತ ತಾನು ತಿರುಗ್ತಿರತ್ತೆ, ಹಾಗಾಗಿ ಅದರ ಒಂದು ಅಂಚು ಯಾವಾಗಲೂ ನಮ್ಮ ಕಡೆ ಬರ್ತಿರತ್ತೆ, ಇನ್ನೊಂದು ಅಂಚು ದೂರ ಹೋಗ್ತಿರತ್ತೆ. ಎರಡೂ ಸಮ ಇದ್ದಾಗ ಒಟ್ಟು ಲೆಕ್ಕ ಸೊನ್ನೆ. ಬರ್ತಿರೋ ಅಂಚಿನ ಮೇಲೆ ಒಂದು ಕಪ್ಪು ಕಲೆ ಬಂದು ಕೂತರೆ ಆ ಕಡೆ ಬೆಳಕು ಕಮ್ಮಿಯಾಗಿ ಇಡೀ ನಕ್ಷತ್ರ ದೂರ ಹೋಗ್ತಿದೆ ಅನ್ನೋ ಹಾಗೆ ಕಾಣತ್ತೆ, ಕಲೆ ಆ ಕಡೆ ಅಂಚಿಗೆ ಹೋದಾಗ ಹತ್ತಿರ ಬರ್ತಿದೆ ಅನ್ನೋ ಹಾಗೆ. ಅದರ ಜೊತೆಗೆ ಕಾಂತಕ್ಷೇತ್ರ ಬಲವಾಗಿರೋ ಜಾಗದಲ್ಲಿ ಕೆಳಗಿಂದ ಕುದಿದು ಮೇಲೆ ಬರೋ ಅನಿಲಕ್ಕೂ ತಡೆ ಆಗತ್ತೆ, ಅದೂ ಗೆರೆಗಳನ್ನ ಒಂಚೂರು ಜರುಗಿಸತ್ತೆ. ನಕ್ಷತ್ರ ಇದ್ದಲ್ಲೇ ಇದೆ, ಓಲಾಟ ಮಾತ್ರ ಕಾಣ್ತಿದೆ. ಸೂರ್ಯನಂಥ ನಕ್ಷತ್ರದಲ್ಲೂ ಹೀಗಾಗತ್ತೆ, ಆದ್ರೆ ಸೂರ್ಯ ಒಂದು ಸುತ್ತು ತಿರುಗೋದು 25 ದಿನದ ಆಚೀಚೆ, ಹಿತವಾದ ಜಾಗದಲ್ಲಿರೋ ಗ್ರಹ ಸುತ್ತೋದು ಒಂದು ವರ್ಷಕ್ಕೆ, ಎರಡನ್ನೂ ಬೇರೆ ಮಾಡಬಹುದು. ಕೆಂಪು ಕುಬ್ಜದ ಕಷ್ಟ ಏನಂದ್ರೆ ನಕ್ಷತ್ರ ತಿರುಗೋ ಕಾಲ, ಅದರ ಹಿತವಾದ ಜಾಗದ ಗ್ರಹ ಸುತ್ತೋ ಕಾಲ, ಎರಡೂ ಹತ್ತಾರು ದಿನಗಳ ಒಂದೇ ಅಳತೆಯಲ್ಲಿ ಬಂದುಬಿಡತ್ತೆ. ನಾವು ಎಲ್ಲಿ ಕಿವಿಗೊಟ್ಟು ಕೂತಿದೀವೋ ನಕ್ಷತ್ರ ಸರಿಯಾಗಿ ಅಲ್ಲೇ ಮಾತಾಡತ್ತೆ.

ಪಾಲ್ ರಾಬರ್ಟ್‌ಸನ್ ತಂಡ 2014ರಲ್ಲಿ ಮಾಡಿದ್ದು ಇದನ್ನೇ. ಆ ತಂಡದಲ್ಲಿ ಸುವ್ರತ್ ಮಹಾದೇವನ್, ಅರ್ಪಿತಾ ರಾಯ್, ಮೈಕಲ್ ಎಂಡ್ಲ್ ಕೂಡ ಇದ್ರು. ಗ್ಲೀಸೆ 581 ಒಂದು ಸುತ್ತು ತಿರುಗೋಕೆ ಸುಮಾರು 130 ದಿನ ಬೇಕು ಅಂತ ಹೈಡ್ರೋಜನ್‌ನ ಒಂದು ಗೆರೆಯ ಏರಿಳಿತದಿಂದ ತಿಳ್ಕೊಂಡ್ರು. ಡಿ ಗ್ರಹದ್ದು 66 ದಿನ. ಹೆಚ್ಚು ಕಮ್ಮಿ ಸರಿಯಾಗಿ ಅರ್ಧ. ನಕ್ಷತ್ರದ ಚಟುವಟಿಕೆಯ ಪಾಲನ್ನ ಲೆಕ್ಕದಿಂದ ಕಳೆದಾಗ ಡಿ ಕರಗಿ ಹೋಯ್ತು, ಡಿ ಇದೆ ಅಂದುಕೊಂಡು ಅದರ ಮೇಲೆ ನಿಂತಿದ್ದ ಜಿ ಕೂಡ ಹೋಯ್ತು. ಉಳಿದ ಬಿ, ಸಿ, ಇ ಮೂರರ ಸದ್ದು ಮಾತ್ರ ಮುಂಚೆಗಿಂತ ಸ್ಪಷ್ಟವಾಯ್ತು. ಆ ಪೇಪರ್‌ನಲ್ಲಿ ನನ್ನನ್ನ ಸೋಲಿಸಿದ್ದು ಈ ಕೊನೇ ವಿಷಯ. ಬರೀ ಡಿ ಹೋಗಿದ್ರೆ ವಾದ ಮಾಡಬಹುದಿತ್ತು, ಕೆಲವರು ಮಾಡಿದ್ರೂ ಕೂಡ. ಧೂಳು ಒರೆಸಿದಾಗ ಒಂದು ಚಿತ್ರ ಅಳಿಸಿಹೋಗಿ ಪಕ್ಕದ ಮೂರು ಚಿತ್ರ ಹೊಳೆದವು ಅಂದ್ರೆ ಆ ಒಂದು ಧೂಳಲ್ಲೇ ಇದ್ದದ್ದು ಅಂತ ಒಪ್ಪಿಕೊಳ್ಳಬೇಕಾಗತ್ತೆ. ನಾನು ಒಪ್ಪಿಕೊಂಡೆ, ಆದ್ರೆ ಸುಲಭವಾಗಿ ಅಲ್ಲ, ಎಷ್ಟೋ ದಿನ ಆ ವಾದ ಮಾಡಿದವರ ಕಡೆಯ ಲೇಖನಗಳನ್ನೇ ಹುಡುಕಿ ಹುಡುಕಿ ಓದ್ತಿದ್ದೆ.

ಒಂದು ಗ್ರಹ ಸಿಕ್ಕಾಗ ಜಗತ್ತೆಲ್ಲ ಸುದ್ದಿ ಆಗತ್ತೆ, ಒಂದು ಗ್ರಹವನ್ನ ಪಟ್ಟಿಯಿಂದ ತೆಗೆದಾಗ ಅದೇ ಪತ್ರಿಕೆಯಲ್ಲಿ ಒಂದು ಸಾಲೂ ಬರಲ್ಲ. ನನಗೆ ಇದು ಅನ್ಯಾಯ ಅನ್ಸುತ್ತೆ. ತೆಗೆಯೋ ಕೆಲಸ ಹುಡುಕೋದಕ್ಕಿಂತ ಕಷ್ಟದ್ದು, ಅದಕ್ಕೆ ನಕ್ಷತ್ರವನ್ನ ನಕ್ಷತ್ರಕ್ಕೋಸ್ಕರ ಓದಬೇಕು. ನಾವು, ನನ್ನಂಥ ಓದುಗರೂ ಸೇರಿ, ನಕ್ಷತ್ರವನ್ನ ಬರೀ ದೀಪ ಅಂದುಕೊಂಡಿದ್ವಿ, ಅದರ ಬೆಳಕಲ್ಲಿ ಗ್ರಹ ಕಂಡ್ರೆ ಸಾಕು, ದೀಪದ ಕಡೆ ಯಾರು ನೋಡ್ತಾರೆ.

ಇದು ಒಂದೇ ಸಲ ಆದ ಕಥೆಯೂ ಅಲ್ಲ. ಬರ್ನಾರ್ಡ್ ನಕ್ಷತ್ರ ಅಂತ ಇದೆ, ಆರು ಜ್ಯೋತಿರ್ವರ್ಷ, ನಮಗೆ ತೀರಾ ಹತ್ತಿರದ ಕೆಂಪು ಕುಬ್ಜಗಳಲ್ಲೊಂದು. 2018ರಲ್ಲಿ ಅದರ ಸುತ್ತ 233 ದಿನಕ್ಕೊಮ್ಮೆ ಸುತ್ತೋ ಸೂಪರ್ ಅರ್ಥ್ ಇದೆ ಅಂದ್ರು, ಭೂಮಿಯ ಮೂರು ಪಟ್ಟಿಗೂ ಹೆಚ್ಚು ತೂಕ. 2021ರಲ್ಲಿ ಅದೂ ನಕ್ಷತ್ರದ ಚಟುವಟಿಕೆಯೇ ಅಂತ ಇನ್ನೊಂದು ತಂಡ ತೋರಿಸ್ತು. ಆಮೇಲೆ 2024ರಲ್ಲಿ ಒಂದು, 2025ರಲ್ಲಿ ಮತ್ತೆ ಮೂರು ಸೇರಿ ನಾಲ್ಕು ಗ್ರಹ ಅಲ್ಲೇ ಗಟ್ಟಿಯಾದವು, ನಾಲ್ಕೂ ಭೂಮಿಗಿಂತ ಹಗುರ, ನಾಲ್ಕೂ ಒಂದು ವಾರದೊಳಗೆ ಸುತ್ತು ಮುಗಿಸೋವು. ದೊಡ್ಡದೊಂದು ಇದೆ ಅಂದುಕೊಂಡಿದ್ದ ಕಡೆ ಚಿಕ್ಕವು ನಾಲ್ಕು ಸದ್ದಿಲ್ಲದೆ ಓಡಾಡ್ತಿದ್ವು.

ಆಗೋ ರಾತ್ರಿ, ಇರೋ ರಾತ್ರಿ

ನಾನು ಕೇಳಿದ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ನನಗೆ ಇನ್ನೊಂದು ಗೊತ್ತಾಯ್ತು. ‘ರಾತ್ರಿ ಆಗತ್ತಾ’ ಅನ್ನೋ ಪ್ರಶ್ನೆಯೇ ಅಲ್ಲಿಗೆ ಹೊಂದಲ್ಲ. ನಕ್ಷತ್ರಕ್ಕೆ ಅಷ್ಟು ಹತ್ತಿರ ಇರೋ ಗ್ರಹ, ಚಂದ್ರ ನಮಗೆ ಒಂದೇ ಮುಖ ತೋರಿಸೋ ಹಾಗೆ, ನಕ್ಷತ್ರಕ್ಕೆ ಒಂದೇ ಮುಖ ತೋರಿಸ್ತಾ ನಿಂತುಬಿಡೋ ಸಾಧ್ಯತೆ ಜಾಸ್ತಿ. ಒಂದು ಕಡೆ ಯಾವಾಗಲೂ ಹಗಲು, ಇನ್ನೊಂದು ಕಡೆ ಯಾವಾಗಲೂ ರಾತ್ರಿ. ನಮ್ಮಲ್ಲಿ ರಾತ್ರಿ ಆಗತ್ತೆ, ಅಲ್ಲಿ ರಾತ್ರಿ ಇರತ್ತೆ, ಬೆಟ್ಟ ಇರೋ ಹಾಗೆ, ಸಮುದ್ರ ಇರೋ ಹಾಗೆ. ನಡ್ಕೊಂಡು ಹೋಗಿ ಸೇರಬಹುದಾದ ಒಂದು ಜಾಗ. ನಡುವೆ ಒಂದು ಉದ್ದದ ಪಟ್ಟಿ, ಅಲ್ಲಿ ಸೂರ್ಯ ಅಂಚಲ್ಲಿ ಕೂತಿದ್ದು ಮುಳುಗೋದೇ ಇಲ್ಲ, ಸಂಜೆ ಅನ್ನೋ ಒಂದು ನಾಡು.

ಆ ಸೂರ್ಯ ಹೇಗೆ ಕಾಣತ್ತೆ ಅನ್ನೋದನ್ನೂ ನಾನು ಮೊದಲು ತಪ್ಪಾಗಿ ಕಲ್ಪಿಸಿಕೊಂಡಿದ್ದೆ. ಚಿತ್ರಗಳಲ್ಲೆಲ್ಲ ರಕ್ತದ ಹಾಗೆ ಕೆಂಪು ಬಳಿದಿರ್ತಾರೆ. ಅಷ್ಟು ಕೆಂಪಿರಲ್ಲ. ಕೆಂಪು ಕುಬ್ಜದ ಮೇಲ್ಮೈ ಸುಮಾರು 3000 ಕೆಲ್ವಿನ್, ಹಳೇ ತಂತಿ ಬಲ್ಬಿನ ಒಳಗಿನ ತಂತಿ ಕಾಯೋದೂ ಹೆಚ್ಚು ಕಮ್ಮಿ ಅಷ್ಟೇ. ಅಂದ್ರೆ ಅಲ್ಲಿನ ಹಗಲು ಅಂದ್ರೆ ರಾತ್ರಿ ಹೊತ್ತು ಬಲ್ಬ್ ಹಾಕಿದ ಕೋಣೆಯ ಬೆಳಕು. ಇದು ಗೊತ್ತಾದಾಗ ಮೆಸೇಜ್ ಬರೆದ ರಾತ್ರಿಯ ಕೋಣೆ ನೆನಪಾಯ್ತು, ತಲೆ ಮೇಲೆ ಅದೇ ಹಳದಿ ಬೆಳಕಿತ್ತು. ನನ್ನ ರಾತ್ರಿ ಅವರ ಹಗಲಿನ ಬಣ್ಣದಲ್ಲಿತ್ತು. ಗಾತ್ರವೂ ಬೇರೆ, ಪ್ರಾಕ್ಸಿಮಾದ ಬಿ ಗ್ರಹದಲ್ಲಿ ನಿಂತು ನೋಡಿದ್ರೆ ಆ ಚಿಕ್ಕ ನಕ್ಷತ್ರವೇ ನಮ್ಮ ಸೂರ್ಯನ ಮೂರು ಪಟ್ಟು ಅಗಲ ಕಾಣತ್ತೆ, ಅಷ್ಟು ಹತ್ತಿರ ಇರೋದ್ರಿಂದ.

ಈ ಇರೋ ರಾತ್ರಿಯ ಕಾರಣಕ್ಕೇ ಎಷ್ಟೋ ವರ್ಷ ಕೆಂಪು ಕುಬ್ಜಗಳನ್ನ ಪಕ್ಕಕ್ಕಿಟ್ಟಿದ್ರು. ಕತ್ತಲ ಕಡೆ ಎಷ್ಟು ಚಳಿ ಅಂದ್ರೆ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಬೀಳತ್ತೆ, ಹಗಲಿನ ಕಡೆಯ ಗಾಳಿ ಆ ಖಾಲಿ ಜಾಗಕ್ಕೆ ಹರಿದು ಅದೂ ಹೆಪ್ಪುಗಟ್ಟತ್ತೆ, ಕೊನೆಗೆ ಗ್ರಹಕ್ಕೆ ಉಸಿರೇ ಇರಲ್ಲ ಅಂತ. 1997ರಲ್ಲಿ ಮನೋಜ್ ಜೋಶಿ, ರಾಬರ್ಟ್ ಹ್ಯಾಬರ್ಲೆ, ಆರ್. ಟಿ. ರೆನಾಲ್ಡ್ಸ್ ಲೆಕ್ಕ ಮಾಡಿ ನಮ್ಮ ವಾತಾವರಣದ ಹತ್ತನೇ ಒಂದು ಪಾಲಿನಷ್ಟು ಇಂಗಾಲದ ಡೈಆಕ್ಸೈಡ್ ಇದ್ರೂ ಸಾಕು, ಗಾಳಿ ಬಿಸಿಯನ್ನ ಆ ಕಡೆ ಹೊತ್ತುಕೊಂಡು ಹೋಗಿ ಕುಸಿಯದೆ ನಿಲ್ಲತ್ತೆ ಅಂತ ತೋರಿಸಿದ್ರು. ಹಗಲು ರಾತ್ರಿಗೆ ಬಿಸಿ ಕಳಿಸತ್ತಾ ಇಲ್ವಾ, ಗ್ರಹದಲ್ಲಿ ಗಾಳಿ ಇದ್ಯಾ ಇಲ್ವಾ ಅನ್ನೋ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲತ್ತೆ.

ಒಂದು ಕಡೆ ಉತ್ತರ ಸಿಕ್ಕಿದೆ, ಅದು ಇಲ್ಲ ಅಂತ. ಎಲ್‌ಎಚ್‌ಎಸ್ 3844 ಬಿ, ಭೂಮಿಯ 1.3 ಪಟ್ಟು ಅಗಲ, ವರ್ಷ ಅಂದ್ರೆ 11 ಗಂಟೆ. ಲಾರಾ ಕ್ರೈಡ್‌ಬರ್ಗ್ ತಂಡ ಸ್ಪಿಟ್ಜರ್ ಟೆಲಿಸ್ಕೋಪಿನಿಂದ 100 ಗಂಟೆ ಅದನ್ನೇ ನೋಡ್ತಾ ಕೂತು 2019ರಲ್ಲಿ ಹೇಳಿದ್ದು ಏನಂದ್ರೆ ಹಗಲಿನ ಕಡೆ ಸುಮಾರು 770 ಡಿಗ್ರಿ ಸೆಲ್ಸಿಯಸ್, ಕತ್ತಲ ಕಡೆಯಿಂದ ಅಳೆಯೋಷ್ಟು ಬಿಸಿಯೇ ಬರ್ತಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಏನೂ ದಾಟ್ತಿಲ್ಲ. ಬರೀ ಕಲ್ಲು, ಬಹುಶಃ ಕಪ್ಪು ಲಾವಾ ಕಲ್ಲು. ನಾನು ಆ ಗ್ರಾಫ್ ನೋಡಿದಾಗ ಮೈ ಜುಮ್ ಅಂತು, ಪಕ್ಕದಲ್ಲೇ ಅಷ್ಟೊಂದು ಬಿಸಿ ಇದ್ದೂ ಒಂದಿಷ್ಟೂ ಸಿಗದ ರಾತ್ರಿ.

ಕೆಂಪು ಕುಬ್ಜಗಳು ಇದಕ್ಕೆ ಸ್ವಲ್ಪ ಕಾರಣವೂ ಹೌದು. ಹುಟ್ಟಿದ ಹೊಸದರಲ್ಲಿ ಅವು ಕೋಟ್ಯಂತರ ವರ್ಷ ಜಾಸ್ತಿ ಪ್ರಕಾಶದಲ್ಲಿ ಉರೀತವೆ, ಈಗ ಹಿತವಾಗಿರೋ ಜಾಗ ಆಗ ಕುಲುಮೆ. ಆಮೇಲೂ ಆಗಾಗ ಸಿಡೀತವೆ. 2016ರ ಮಾರ್ಚ್‌ನಲ್ಲಿ ಪ್ರಾಕ್ಸಿಮಾ ಒಮ್ಮೆ ಸಿಡಿದಾಗ ಅದರ ಪ್ರಕಾಶ ಅರವತ್ತು ಪಟ್ಟಿಗೂ ಮೇಲೆ ಹೋಯ್ತು, ಕೆಲವು ನಿಮಿಷ ಒಳ್ಳೇ ಕತ್ತಲಲ್ಲಿ ಬರಿಗಣ್ಣಿಗೆ ಕಾಣೋ ಅಂಚಿಗೆ ಬಂದಿತ್ತು. ಆದ್ರೆ ಬೆಳೆದು ಶಾಂತವಾದ ಮೇಲೆ ಅವು ಉಳಿಯೋದು ಲಕ್ಷಾಂತರ ಕೋಟಿ ವರ್ಷ. ಬ್ರಹ್ಮಾಂಡಕ್ಕೇ ಈಗ 1380 ಕೋಟಿ ವರ್ಷ ಅಷ್ಟೇ, ಹಾಗಾಗಿ ವಯಸ್ಸಾಗಿ ಸತ್ತ ಕೆಂಪು ಕುಬ್ಜ ಇಲ್ಲಿವರೆಗೆ ಒಂದೂ ಇಲ್ಲ.

ನಕ್ಷತ್ರದ ಮೇಲೂ ನೀರಿನ ಆವಿ

ಈಗ ಜೇಮ್ಸ್ ವೆಬ್ ಅನ್ನೋ ಬಾಹ್ಯಾಕಾಶ ಟೆಲಿಸ್ಕೋಪ್ ಬಂದ ಮೇಲೆ ಗ್ರಹ ಇದ್ಯಾ ಅನ್ನೋ ಪ್ರಶ್ನೆ ಹಿಂದೆ ಬಿತ್ತು, ಗಾಳಿ ಇದ್ಯಾ ಅನ್ನೋದು ಮುಂದೆ ಬಂತು. ಪ್ರಶ್ನೆ ಬದಲಾಯ್ತು, ತೊಡಕು ಅದೇ. 2023ರಲ್ಲಿ ಜಿಜೆ 486 ಬಿ ಅನ್ನೋ ಸೂಪರ್ ಅರ್ಥ್, 26 ಜ್ಯೋತಿರ್ವರ್ಷ ದೂರದ್ದು, ಅದರ ಬೆಳಕಲ್ಲಿ ನೀರಿನ ಆವಿಯ ಗುರುತು ಸಿಕ್ತು. ಸಂಶೋಧಕರು ಅದೇ ಪೇಪರ್‌ನಲ್ಲೇ ಎರಡು ದಾರಿ ಬರೆದ್ರು: ಒಂದೋ ಗ್ರಹದ ಗಾಳಿಯಲ್ಲಿ ನೀರಿದೆ, ಇಲ್ಲಾಂದ್ರೆ ನಕ್ಷತ್ರದ ಕಲೆಗಳಲ್ಲಿ ಇದೆ. ನಕ್ಷತ್ರದ ಮೇಲೆ ನೀರು! ನಾನು ಆ ಸಾಲನ್ನ ಎರಡು ಮೂರು ಸಲ ಓದಿದೆ. ಕೆಂಪು ಕುಬ್ಜದ ಕಲೆಗಳು ನೀರಿನ ಅಣು ಒಡೆಯದೆ ಉಳಿಯೋಷ್ಟು ತಣ್ಣಗಿರ್ತವೆ, ಅಷ್ಟೇ ಯಾಕೆ, ನಮ್ಮ ಸೂರ್ಯನ ಕಲೆಗಳಲ್ಲೂ ನೀರಿನ ಆವಿಯ ಗೆರೆ ಕಂಡಿದಾರೆ. 2014ರಲ್ಲಿ ಕಲೆಗಳು ಗ್ರಹದ ಓಲಾಟವನ್ನ ತೋರಿಸಿದ್ವು, ಈಗ ಗ್ರಹದ ನೀರನ್ನ ತೋರಿಸ್ತಿವೆ. ಆದ್ರೆ ಈ ಸಲ ಜನ ಮೊದಲೇ ನಕ್ಷತ್ರದ ಕಡೆ ತಿರುಗಿ ನೋಡಿದ್ರು. ನನಗೆ ಖುಷಿ ಆಗಿದ್ದು ಅದಕ್ಕೆ, ಗಾಳಿ ಸಿಗದಿದ್ರೂ ಪರವಾಗಿಲ್ಲ ಅನ್ನೋಷ್ಟು.

2025ರ ಏಪ್ರಿಲ್‌ನಲ್ಲಿ ಕೆ2-18 ಬಿ ಸುದ್ದಿ ಬಂತಲ್ಲ, ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ತಂಡ, 124 ಜ್ಯೋತಿರ್ವರ್ಷ ದೂರದ ಗ್ರಹದಲ್ಲಿ ಡೈಮಿಥೈಲ್ ಸಲ್ಫೈಡ್‌ನ ಗುರುತು, ಭೂಮಿ ಮೇಲೆ ಅದನ್ನ ಮಾಡೋದು ಹೆಚ್ಚಾಗಿ ಸಮುದ್ರದ ಸೂಕ್ಷ್ಮಜೀವಿಗಳು ಅಂತ. ಅವತ್ತು ಎಷ್ಟು ಜನ ನನಗೆ ಆ ಲಿಂಕ್ ಕಳಿಸಿದ್ರೋ ಲೆಕ್ಕ ಇಲ್ಲ. ನನಗೂ ಎದೆ ಹೊಡ್ಕೊಳ್ತು, ಸುಳ್ಳು ಹೇಳಲ್ಲ. ಆದ್ರೆ ಅದೇ ಗ್ರಹದಲ್ಲಿ 2019ರಲ್ಲಿ ನೀರಿನ ಆವಿ ಸಿಕ್ತು ಅಂತ ಹಬಲ್ ಟೆಲಿಸ್ಕೋಪಿನಿಂದ ನೋಡಿ ಹೇಳಿದ್ದು, ಆಮೇಲೆ 2023ರಲ್ಲಿ ವೆಬ್ ನೋಡಿದಾಗ ಅಲ್ಲಿದ್ದದ್ದು ಮೀಥೇನ್ ಅಂತ ಆಗಿದ್ದು ನೆನಪಿತ್ತು. ಈ ಸಲದ ಗುರುತೂ ಮೂರು ಸಿಗ್ಮಾದಷ್ಟು ಮಾತ್ರ, ಅಂದ್ರೆ ಕಾಕತಾಳೀಯ ಇರಬಹುದು ಅನ್ನೋದನ್ನ ಪೂರ್ತಿ ತಳ್ಳಿಹಾಕೋ ಹಾಗಿಲ್ಲ, ಬೇರೆ ತಂಡಗಳು ಅದೇ ಡೇಟಾ ತೆಗೆದು ನೋಡಿ ಅಷ್ಟು ಗಟ್ಟಿ ಇಲ್ಲ ಅಂದ್ರು. ಲಿಂಕ್ ಕಳಿಸಿದ ಎಲ್ಲರಿಗೂ ‘ಕಾಯೋಣ’ ಅಂತ ಒಂದೇ ಪದ ಬರೆದೆ. 2009ರಲ್ಲಿ ನಾನು ಆ ಪದ ಬರೀತಿರಲಿಲ್ಲ.

ಈಗ ನನ್ನ ಮನಸ್ಸು ಇರೋದು ಆಗಲೇ ಹೇಳಿದ ಎಲ್‌ಎಚ್‌ಎಸ್ 1140 ಬಿ ಮೇಲೆ. ಅದು ನಕ್ಷತ್ರದ ಮುಂದೆ ಹಾದು ಹೋಗತ್ತೆ, ಓಲಾಟವೂ ಕಾಣತ್ತೆ, ಎರಡೂ ಒಂದೇ 25 ದಿನ ಹೇಳ್ತವೆ, ಹಾಗಾಗಿ ಇದು ಇಲ್ಲ ಅಂತ ಯಾರೂ ನಾಳೆ ಹೇಳೋ ಹಾಗಿಲ್ಲ. ಅಗಲ ಭೂಮಿಯ 1.73 ಪಟ್ಟು, ತೂಕ 5.6 ಪಟ್ಟು, ಲೆಕ್ಕ ಹಾಕಿದ್ರೆ ಅಲ್ಲಿ ನಿಂತವರಿಗೆ ಮೈಭಾರ ಇಲ್ಲಿನ ಎರಡು ಪಟ್ಟಿಗೆ ಒಂಚೂರು ಕಮ್ಮಿ. ಬರೀ ಕಲ್ಲು ಕಬ್ಬಿಣ ಆಗಿದ್ರೆ ಇನ್ನೂ ಭಾರ ಇರಬೇಕಿತ್ತು, ಅದಕ್ಕೆ ಅದರ ತೂಕದ ನೂರರಲ್ಲಿ 10ರಿಂದ 20 ಪಾಲು ನೀರೇ ಇರಬಹುದು ಅಂತ ಒಂದು ಊಹೆ. ಭೂಮಿಯ ಸಮುದ್ರಗಳೆಲ್ಲ ಸೇರಿದ್ರೂ ಭೂಮಿಯ ತೂಕದ ಸಾವಿರದಲ್ಲಿ ಒಂದು ಪಾಲೂ ಆಗಲ್ಲ, ಅದನ್ನ ಪಕ್ಕಕ್ಕಿಟ್ಟು ನೋಡಿದ್ರೆ ಇದು ಎಂಥ ನೀರು ಅಂತ ಗೊತ್ತಾಗತ್ತೆ. ಹಾಗೇನಾದ್ರೂ ಇದ್ರೆ ಅದರ ಬಹುಪಾಲು ಹಿಮ, ನಕ್ಷತ್ರಕ್ಕೆ ಎದುರಾದ ಕಡೆ ಮಾತ್ರ ಕರಗಿ ಒಂದು ದುಂಡನೆ ಸಮುದ್ರ, ಆಕಾಶದ ಕಡೆ ತೆರೆದ ಒಂದು ಕಣ್ಣಿನ ಹಾಗೆ. ಗಾಳಿ ಇದ್ಯಾ ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ. ಇಂಥ ಕಲ್ಲಿನ ಗ್ರಹಗಳಲ್ಲಿ ಗಾಳಿ ಹುಡುಕೋಕೆ ಅಂತಲೇ ವೆಬ್‌ನ 500 ಗಂಟೆ ತೆಗೆದಿಟ್ಟಿದಾರೆ, ಆ ಕೆಲಸ ನಡೀತಿದೆ.

ತುಲಾ ರಾಶಿಯಲ್ಲಿ

ಡಿ ಹೋದ ಮೇಲೆ ಕೆಲವು ವರ್ಷ ಬಿಟ್ಟು ಒಂದು ಮೇ ತಿಂಗಳ ರಾತ್ರಿ ಗೆಳೆಯನೊಬ್ಬನ ಎಂಟು ಇಂಚಿನ ಟೆಲಿಸ್ಕೋಪ್ ಇಟ್ಕೊಂಡು ಬೆಳಕಿಲ್ಲದ ಬಯಲಿಗೆ ಹೋಗಿದ್ವಿ. ಅವನಿಗೆ ಶನಿ, ಗುರು, ನಕ್ಷತ್ರಗುಚ್ಛಗಳು ಬೇಕಿತ್ತು. ನನಗೆ ಬೇಕಿದ್ದದ್ದು ಒಂದೇ. ತುಲಾ ರಾಶಿಯ ಬೀಟಾ ನಕ್ಷತ್ರ ಹಿಡಿದು ಅಲ್ಲಿಂದ ಉತ್ತರಕ್ಕೆ ಎರಡು ಡಿಗ್ರಿ, ನಾಲ್ಕು ಹುಣ್ಣಿಮೆ ಚಂದ್ರರನ್ನ ಸಾಲಾಗಿ ಇಟ್ಟಷ್ಟು ದೂರ. ನಕ್ಷೆ ನೋಡೋದು, ಕಣ್ಣಿಡೋದು, ಮತ್ತೆ ನಕ್ಷೆ ನೋಡೋದು, ಹೀಗೆ ಮುಕ್ಕಾಲು ಗಂಟೆ ಆಯ್ತು. ಕೊನೆಗೆ ನಕ್ಷೆಯಲ್ಲಿದ್ದ ತ್ರಿಕೋನ ಹೊಂದಿತು, ಅದರ ಪಕ್ಕ ಒಂದು ಚುಕ್ಕಿ, ಅದೇ. ಕೆಂಪು ಕುಬ್ಜ ಅಂತ ಹೆಸರು, ಕೆಂಪೇನೂ ಕಾಣಲಿಲ್ಲ, ಅಷ್ಟು ಮಂಕು ಬೆಳಕಲ್ಲಿ ಕಣ್ಣಿಗೆ ಬಣ್ಣ ಹಿಡಿಯಲ್ಲ. ಬೂದಿ ಬಣ್ಣದ ಒಂದು ಕಣ.

ಗೆಳೆಯ ಕಣ್ಣಿಟ್ಟು ನೋಡಿ, “ಇದೇನಾ? ಇದರ ಗ್ರಹ ಇಲ್ಲ ಅಂತ ಆಯ್ತು ಅಂದಿದ್ಯಲ್ಲ” ಅಂದ. “ಮೂರಿವೆ ಕಣೋ, ನಾಲ್ಕನೇದು ಇಲ್ಲ” ಅಂದೆ. ಅವನು ಇನ್ನೊಂದು ಸಲ ನೋಡಿದ, ಈ ಸಲ ಹೆಚ್ಚು ಹೊತ್ತು. ಆಮೇಲೆ ಏನೂ ಹೇಳದೆ ಪಕ್ಕಕ್ಕೆ ಸರಿದು ನನಗೇ ಬಿಟ್ಟುಕೊಟ್ಟ. ನಾನು ಅವತ್ತು ಮೊದಲ ಸಲ ಆ ನಕ್ಷತ್ರವನ್ನ ಅದಕ್ಕೋಸ್ಕರ ನೋಡಿದೆ, ಅದರ ಹಿಂದೆ ಮುಂದೆ ಇನ್ನೇನೋ ಇದೆ ಅಂತ ಹುಡುಕದೆ. 130 ದಿನಕ್ಕೆ ಒಂದು ಸಲ ನಿಧಾನಕ್ಕೆ ತಿರುಗ್ತಾ ಇರೋದು, ಮೈಮೇಲೆ ಕಲೆ ಇರೋದು, ನಮಗೆ ಏನನ್ನೂ ಹೇಳೋ ಉದ್ದೇಶ ಇಲ್ಲದ್ದು.

ನಮ್ಮ ಮೆಸೇಜ್‌ಗಿಂತ ಮುಂಚೆ 2008ರ ಅಕ್ಟೋಬರ್‌ನಲ್ಲಿ ಯುಕ್ರೇನ್‌ನ ಯೆವ್‌ಪಟೋರಿಯಾದಿಂದ ಇನ್ನೊಂದು ಕಂತು ಅಲ್ಲಿಗೇ ಹೋಗಿದೆ, ಅದು ಸಿ ಗ್ರಹಕ್ಕೆ ಅಂತ ಕಳಿಸಿದ್ದು, 501 ಮೆಸೇಜ್. ಅದು 2029ರ ಶುರುವಿಗೆ ಸೇರತ್ತೆ, ನಮ್ಮದು 2029ರ ಕೊನೆ ಅಥವಾ 2030ರ ಶುರುವಿಗೆ. ಅಷ್ಟು ದೂರ ಹೋಗೋಷ್ಟೊತ್ತಿಗೆ ರೇಡಿಯೋ ಅಲೆ ಎಷ್ಟು ಅಗಲ ಹರಡಿರತ್ತೆ ಅಂದ್ರೆ ಡಿ ಇಲ್ಲದಿದ್ರೂ ಬಿ, ಸಿ, ಇ ಮೂರರ ಮೇಲೂ ಅದು ಹಾದೇ ಹೋಗತ್ತೆ. ಸಿ ಗ್ರಹದ ಕಕ್ಷೆಯ ಈ ಅಂಚಿಂದ ಆ ಅಂಚಿಗೆ ಬೆಳಕಿಗೆ ಬೇಕಾಗೋದು 70 ಸೆಕೆಂಡಿಗೆ ಸ್ವಲ್ಪ ಮೇಲೆ. 20 ವರ್ಷದ ದಾರಿ, ಮನೆಯೊಳಗೆ ಒಂದು ನಿಮಿಷ ಚಿಲ್ಲರೆ. ಬಿಸಿ ಹಗಲಿನ ಮೇಲೆ ಹಾದು, ಇರೋ ರಾತ್ರಿಯ ಮೇಲೆ ಹಾದು, ನಿಮ್ಮಲ್ಲೂ ರಾತ್ರಿ ಆಗತ್ತಾ ಅಂತ ಕೇಳ್ಕೊಂಡು ಆಚೆ ಹೊರಟುಹೋಗತ್ತೆ.

2030ರ ಜನವರಿಯಲ್ಲಿ ತುಲಾ ರಾಶಿ ಬೆಳಗಿನ ಜಾವ ಪೂರ್ವದಲ್ಲಿ ಇರತ್ತೆ, ಸೂರ್ಯ ಹುಟ್ಟೋಕೆ ಎರಡು ಮೂರು ಗಂಟೆ ಮುಂಚೆ ಎದ್ರೆ ಬೀಟಾ ನಕ್ಷತ್ರ ಬರಿಗಣ್ಣಿಗೆ ಸಿಗತ್ತೆ. ಗೆಳೆಯನಿಗೆ ಈಗಲೇ ಹೇಳಿಟ್ಟಿದೀನಿ, ಟೆಲಿಸ್ಕೋಪ್ ಯಾರಿಗೂ ಕೊಡಬೇಡ ಅಂತ.